ಮೀನೆಣ್ಣೆ ಹಚ್ಚಿದ ಬೈಕ್

ಮಾವನ ಬಲಗಿವಿಯ ಹಿಂದೆ, ಎಲುಬು ಉಬ್ಬಿರುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಗುರುತು ಇತ್ತು. ಹುಟ್ಟುಮಚ್ಚೆಯಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಅದರ ಹಿಡಿಯನ್ನು ಕಿವಿಯ ಹಿಂದೆ ಒತ್ತಿ, ಒಳಗೆ ಏನು ನಡೆಯುತ್ತಿದೆ ಎಂದು ಕೇಳುವುದು ಅವರ ಕ್ರಮ. ವರ್ಷಗಟ್ಟಲೆ ಹಾಗೆ ಒತ್ತಿ ಅಲ್ಲಿಯ ಚರ್ಮ ದಪ್ಪವಾಗಿ, ಎಣ್ಣೆ ಒಳಗಿಳಿದು, ಕಪ್ಪಾಗಿ ನಿಂತುಬಿಟ್ಟಿತ್ತು. ಕೊನೆಯ ಸ್ನಾನ ಮಾಡಿಸಿದವರು ಸೋಪು ಹಾಕಿ ಉಜ್ಜಿದರೂ ಅದು ಹೋಗಲಿಲ್ಲವಂತೆ. ಎಡಗಿವಿ ಅವರಿಗೆ ಕೇಳುತ್ತಿರಲಿಲ್ಲ. ಅದನ್ನು ಬೋಟಿನ ಇಂಜಿನ್ ರೂಮ್ ತಿಂದಿತ್ತು. ಅವರೊಡನೆ ಮಾತಾಡಬೇಕಾದರೆ ಬಲಕ್ಕೆ ಹೋಗಿ ನಿಲ್ಲಬೇಕು. ಎಡಕ್ಕೆ ನಿಂತು ಮಾತಾಡಿದವರಿಗೆ ಉತ್ತರ ಬರುತ್ತಿರಲಿಲ್ಲ. ಕೇಳಿಸದೆಯೋ, ಬೇಡವೆಂದೋ ತಿಳಿಯುತ್ತಿರಲಿಲ್ಲ. ನನ್ನ ಗಂಡ ಹೆಚ್ಚಾಗಿ ಎಡಕ್ಕೇ ನಿಂತು ಮಾತಾಡುತ್ತಿದ್ದರು.

ಮಾವ ಎಂದರೆ ನನ್ನ ಗಂಡನ ತಂದೆ. ನಮ್ಮ ಮನೆ ಉಳ್ಳಾಲದಲ್ಲಿ, ಕಡಲು ಕಾಣುವುದಿಲ್ಲ, ಕೇಳುತ್ತದೆ. ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಟ್ರಾಲ್ ಬೋಟಿನಲ್ಲಿ ತಾಂಡೇಲರಾಗಿದ್ದವರು. ಬೋಟನ್ನು ನಡೆಸುವವನು, ಬಲೆ ಎಲ್ಲಿ ಇಳಿಸಬೇಕೆಂದು ಹೇಳುವವನು ತಾಂಡೇಲ. ತಾಂಡೇಲನಾದವನು ಇಂಜಿನ್ ಮುಟ್ಟಬೇಕೆಂದಿಲ್ಲ, ಅದಕ್ಕೆ ಬೇರೆ ಜನ ಇರುತ್ತಾರೆ. ಆದರೆ ಮಾವ ಇಂಜಿನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಬೋಟುಗಳನ್ನು ಕಟ್ಟುವ ಧಕ್ಕೆಯಿಂದ ಬೋಟ್ ಬಿಡುವ ಮೊದಲು ಇಂಜಿನ್ ಚಾಲೂ ಮಾಡಿ, ಅದರ ಮೈ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರಂತೆ. ಕೈಗೆ ಹಿತವಾಗಿ ಬಿಸಿ ಹತ್ತುವವರೆಗೆ ಹಗ್ಗ ಬಿಚ್ಚಲು ಬಿಡುತ್ತಿರಲಿಲ್ಲ. ಒಮ್ಮೆ ಬೋಟಿನ ಯಜಮಾನರೇ ದಡದಲ್ಲಿ ನಿಂತು ಕೂಗಿದರಂತೆ: "ತಾಂಡೇಲರೇ, ಬೇರೆ ಬೋಟೆಲ್ಲ ಅಳಿವೆ ದಾಟಿ ಕಡಲಿಗೆ ಹೋಗಿ ಆಯ್ತು. ನೀವು ಎಂತ, ಇಂಜಿನ್ನಿಗೆ ಚಾ ಕೊಡ್ತಾ ಇದ್ದೀರಾ?"

"ಹೌದು. ಅದು ಕುಡಿದು ಆಗಲಿ," ಎಂದರಂತೆ ಮಾವ.

ಈ ಕಥೆಯನ್ನು ನನಗೆ ಹೇಳಿದ್ದು ನನ್ನ ಗಂಡ. ತಂದೆಯ ಬಗ್ಗೆ ಅವರು ನಗುತ್ತಾ ಹೇಳಿದ ಕಥೆ ಇದೊಂದೇ.

ಮಾವ ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. "ಇಲ್ಲಿ ನೋಡು" ಎಂದರೆ ನಾನೇ. ಸಾರಿಗೆ ಉಪ್ಪು ಕಡಿಮೆಯಾದರೆ, "ಉಪ್ಪು ಎಲ್ಲ ಕಡಲಿಗೇ ಬೇಕಾಯ್ತಾ?" ಎನ್ನುವರು. ಹೆಚ್ಚಾದರೆ ಬಟ್ಟಲನ್ನು ಬದಿಗೆ ಸರಿಸುವರು, ಮಾತಿಲ್ಲ. ಒಳ್ಳೆಯದಾದರೆ ಅದಕ್ಕೂ ಮಾತಿಲ್ಲ. ಇಂಥ ಮನೆಯಲ್ಲಿ ಒಂದು ಬೈಕ್ ಇತ್ತು.

ಅದು ರಸ್ತೆಯ ಬೈಕ್ ಅಲ್ಲ. ಮಣ್ಣಿನ ರೇಸಿಗೆಂದು ಮಾಡಿದ ಡರ್ಟ್ ಬೈಕ್. ಎತ್ತರದ ಮಡ್‌ಗಾರ್ಡ್, ಹಲ್ಲುಹಲ್ಲಾದ ಟಯರ್, ಲೈಟಿಲ್ಲ, ಹಾರ್ನಿಲ್ಲ. ನನ್ನ ಗಂಡ ಮದುವೆಗೆ ಮೊದಲೇ ಅದನ್ನು ಕುಲಶೇಖರ ಎಂಬಲ್ಲಿಯ ಒಬ್ಬ ಗೆಳೆಯನಿಂದ ತೆಗೆದುಕೊಂಡಿದ್ದರು. ವಾರವಿಡೀ ಐಸ್ ಪ್ಲಾಂಟಿನಲ್ಲಿ ಕೆಲಸ. ಮಳೆಗಾಲ ಕಳೆದ ಮೇಲೆ ಎಲ್ಲಿಯಾದರೂ ಮೈದಾನದಲ್ಲಿ ರೇಸ್ ಇದ್ದರೆ ಟೆಂಪೋದಲ್ಲಿ ಬೈಕ್ ಏರಿಸಿಕೊಂಡು ಗೆಳೆಯನ ಜತೆ ಹೋಗುವರು. ಮಣ್ಣಿನ ದಿಬ್ಬದ ಮೇಲಿಂದ ಬೈಕ್ ಸಮೇತ ಹಾರುವುದನ್ನು ನಾನು ಮೊದಲ ಸಲ ನೋಡಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ಆಮೇಲೆ ಅಭ್ಯಾಸವಾಯಿತು. ಆಮೇಲೆ ಚಂದ ಕಂಡಿತು.

ಮಾವ ಒಮ್ಮೆಯೂ ಬರಲಿಲ್ಲ. "ನೆಲದಲ್ಲಿ ಓಡುವುದನ್ನು ಹಾರಿಸುವುದು ಯಾಕೆ? ಅದು ಒಂದು ದಿನ ಅವನನ್ನು ಕೊಲ್ತದೆ, ನೋಡ್ತಾ ಇರು," ಎನ್ನುತ್ತಿದ್ದರು. ರೇಸ್ ಮುಗಿಸಿ ಬಂದ ಸಂಜೆ ನಾನೇ ಅವರ ಬಲಕ್ಕೆ ಹೋಗಿ ಹೇಳುತ್ತಿದ್ದೆ: "ಮಾವ, ಇವತ್ತು ಎರಡನೆಯವರಾಗಿ ಬಂದರು." ಒಂದೇ ಪ್ರಶ್ನೆ ಕೇಳುವರು: "ಬೆನ್ನು ಉಂಟಾ, ಹೋಯ್ತಾ?" ಉಂಟು ಎಂದರೆ ಬೀಡಿ ಹಚ್ಚುವರು. ಕಪ್‌ಗಳು ಮಂಚದ ಕೆಳಗೆ ಇದ್ದವು. ಚಾವಡಿಯ ಶೋಕೇಸಿನಲ್ಲಿ ಇಡಬಾರದೆಂದು ಯಾರೂ ಹೇಳಿರಲಿಲ್ಲ. ಇಡಬಹುದು ಎಂದೂ ಹೇಳಿರಲಿಲ್ಲ.

ನನ್ನ ಗಂಡ ತೀರಿಕೊಂಡದ್ದು ಒಂದು ಸೋಮವಾರ ಬೆಳಿಗ್ಗೆ, ಬಸ್ ಸ್ಟಾಪಿನಲ್ಲಿ. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರು ಹಾಗೆಯೇ ವಾಲಿದರಂತೆ. ಹೃದಯ ಎಂದರು. ರೇಸ್ ಬಿಟ್ಟು ಒಂದೆರಡು ವರ್ಷವಾಗಿತ್ತು. ಮಂಡಿ ನೋವು, ವಯಸ್ಸು ನಲವತ್ತರ ಹತ್ತಿರ. ಆಸ್ಪತ್ರೆಗೆ ಬಂದ ಮಾವ ನನ್ನ ಮುಂದೆ ನಿಂತು ಕೇಳಿದ ಮೊದಲ ಮಾತು, "ಬೈಕಾ?"

"ಅಲ್ಲ ಮಾವ. ಬಸ್ಸಿಗೆ ಕಾಯ್ತಾ ಇದ್ದರು."

ಯಾರೋ ತಮಗೆ ಮೋಸ ಮಾಡಿದಂತೆ ಅವರು ನನ್ನನ್ನು ನೋಡಿದರು. ಬೈಕೇ ಕೊಂದಿದ್ದರೆ ಅವರಿಗೆ ಬಯ್ಯಲು ಒಂದು ವಸ್ತು ಇರುತ್ತಿತ್ತು. ತಾನು ಹೇಳಿದ್ದು ಸರಿಯಾಯಿತು ಎಂದಾದರೂ ಅಳಬಹುದಿತ್ತು. ಬಸ್ ಸ್ಟಾಪಿನ ಕಲ್ಲುಬೆಂಚನ್ನು ಬಯ್ಯುವುದು ಹೇಗೆ?

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಸಂಬಂಧಿಕರೊಬ್ಬರು ಬೈಕನ್ನು ಗುಜರಿಗೆ ಹಾಕುವ ಮಾತೆತ್ತಿದರು. ಮಾವ ಅವರಿಗೆ ಎಡಗಿವಿ ಕೊಟ್ಟು ಕುಳಿತಿದ್ದರು. ಎದ್ದು ಹೋದವರು ಸಂಜೆ ಒಂದು ಡಬ್ಬಿ ಬೂತಾಯಿ ಎಣ್ಣೆ ತಂದರು. ಬೂತಾಯಿ ಮೀನಿನಿಂದ ತೆಗೆಯುವ ಆ ಎಣ್ಣೆಯನ್ನು ಮಳೆಗಾಲದಲ್ಲಿ ದಡಕ್ಕೆಳೆದ ಮರದ ದೋಣಿಗೆ ಹಚ್ಚುತ್ತಾರೆ. ಮರ ಬಿರಿಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಮಾವ ಅದನ್ನು ಬೈಕಿಗೆ ಹಚ್ಚಿದರು. ಚಾಸಿಗೆ, ಇಂಜಿನ್ನಿಗೆ, ಚೈನಿಗೆ, ಚಕ್ರದ ಒಂದೊಂದು ಕಡ್ಡಿಗೆ, ವಯರುಗಳ ಒಳಕ್ಕೂ. ಅವರಿಗೆ ಗೊತ್ತಿದ್ದ ರಕ್ಷಣೆ ಅದೊಂದೇ. ಆಮೇಲೆ ಹಳೆಯ ಬಲೆ ಸುತ್ತಿ, ಮೇಲೆ ಟರ್ಪಾಲು ಹೊದಿಸಿ, ಅಂಗಳದ ಮೂಲೆಯಲ್ಲಿ ನಿಲ್ಲಿಸಿದರು.

ಊರಿನ ಬೆಕ್ಕುಗಳೆಲ್ಲ ಬಂದವು. ಟರ್ಪಾಲಿನ ಅಡಿಯಲ್ಲಿ ನುಸುಳಿ ನನ್ನ ಗಂಡನ ಬೈಕನ್ನು ನೆಕ್ಕಿದವು. ಮಾವ ಓಡಿಸಿದಂತೆ ಅವು ಇನ್ನೊಂದು ಬದಿಯಿಂದ ಬಂದವು. ನಾನು ಒಗೆದು ಒಣಗಿಸಿದ ಬಟ್ಟೆಗೆಲ್ಲ ಅದೇ ವಾಸನೆ. ಕೊಟ್ಟಾರದಲ್ಲಿ ನಾನು ಕೆಲಸ ಮಾಡುವ ಆಫೀಸಿನಲ್ಲಿ ಪಕ್ಕದ ಟೇಬಲಿನವಳು ಫ್ಯಾನನ್ನು ನನ್ನ ಕಡೆಗೆ ತಿರುಗಿಸಿ, "ಅಕ್ಕ, ಮಾರ್ಕೆಟಿಗೆ ಹೋಗಿ ಬಂದದ್ದಾ?" ಎಂದು ಕೇಳಿದಳು. ಹೌದು ಎಂದೆ. ಗಂಡನ ಬೈಕಿಗೆ ಮೀನೆಣ್ಣೆ ಹಚ್ಚಿದ್ದಾರೆ ಎಂದು ಹೇಳುವುದಕ್ಕಿಂತ ಅದು ಸುಲಭ.

ಎರಡು ಮಳೆಗಾಲ ಹೋದ ಮೇಲೆ ಕುಲಶೇಖರದ ಗೆಳೆಯ ಮನೆಗೆ ಬಂದ. ಅವನ ಗುಂಪಿನವರು ನನ್ನ ಗಂಡನ ನೆನಪಿನಲ್ಲಿ ಒಂದು ರೇಸ್ ಇಟ್ಟಿದ್ದಾರೆ, ಫೈನಲ್‌ಗೆ ಮೊದಲು ಅವರ ಬೈಕನ್ನು ತಾನು ಒಂದು ಸುತ್ತು ಓಡಿಸಬೇಕು ಎಂಬ ಆಸೆ ಉಂಟು, ಕೊಡ್ತೀರಾ ಎಂದು ನನ್ನನ್ನು ಕೇಳಿದ. ನಾನು ಮಾವನ ಬಲಕ್ಕೆ ಹೋಗಿ ಹೇಳಿದೆ. ಬೇಡ ಎನ್ನುವರು ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಅಂಗಳದ ಮೂಲೆಯನ್ನು ನೋಡಿ, "ಅದು ಓಡಿದರೆ ನಾನೂ ಬರ್ತೇನೆ," ಎಂದರು.

ಟರ್ಪಾಲು ತೆಗೆದಾಗ ಗೆಳೆಯ ಮೂಗು ಮುಚ್ಚಿಕೊಂಡ. ಎಣ್ಣೆ ಒಣಗಿ ಹಲಸಿನ ಮೇಣದಂತೆ ಕಂದು ಅಂಟಾಗಿತ್ತು. ಅದರಲ್ಲಿ ಕಡಲ ದಡದ ಹೊಯಿಗೆ, ಒಣ ಎಲೆ, ಬೆಕ್ಕಿನ ಕೂದಲು.

"ಅಂಕಲ್, ಇದಕ್ಕೆ ಎಂತ ಹಚ್ಚಿದ್ದು?"

"ಬೂತಾಯಿ ಎಣ್ಣೆ."

"ಇದು ದೋಣಿ ಅಲ್ಲ ಮಾರಾಯ್ರೆ."

"ಗೊತ್ತುಂಟು. ದೋಣಿ ಆಗಿದ್ರೆ ಹೀಗೆ ಆಗ್ತಿರ್ಲಿಲ್ಲ."

ಗೆಳೆಯ ನಕ್ಕ. ನಾನೂ ನಕ್ಕೆ, ಬಹಳ ದಿನಗಳ ಮೇಲೆ. ಮಾವ ನಗಲಿಲ್ಲ. ಕಿಕ್ಕರ್ ಮೇಲೆ ಕಾಲಿಟ್ಟು ಒತ್ತಿದರು. ಅದು ಕಲ್ಲಿನ ಮೇಲೆ ಒತ್ತಿದಂತೆ ನಿಂತಿತು. ಆಕ್ಸಿಲರೇಟರ್ ತಿರುಗಲಿಲ್ಲ. ಗೆಳೆಯ ತನಗೆ ಗೊತ್ತಿರುವ ಗ್ಯಾರೇಜಿಗೆ ಒಯ್ಯುತ್ತೇನೆ ಎಂದ. "ಬೇಡ. ಹಾಳು ಮಾಡಿದ್ದು ನಾನು," ಎಂದರು ಮಾವ. ಉಗುರಿನಿಂದ ಒಂದು ಕಡೆ ಆ ಅಂಟನ್ನು ಕೆರೆದು ನೋಡಿದರು. ಅಡಿಯಲ್ಲಿ ಚಾಸಿ ಹೊಸದರಂತೆ ಇತ್ತು. ಅದನ್ನು ಗೆಳೆಯನಿಗೆ ತೋರಿಸಿದರು.

ಅಂದಿನಿಂದ ಅದೇ ಕೆಲಸ. ನಮ್ಮ ಮಾವ ಡೀಸೆಲ್ ಇಂಜಿನ್ ಬಲ್ಲವರು. ಈ ಸಣ್ಣ ಪೆಟ್ರೋಲ್ ಇಂಜಿನ್, ಅದರ ಪ್ಲಗ್, ಕಾರ್ಬೋರೇಟರ್ ಅವರಿಗೆ ಹೊಸದು. ಗೊತ್ತಿಲ್ಲ ಎಂದು ಒಪ್ಪುವ ಸ್ವಭಾವವೂ ಇಲ್ಲ. ಗೆಳೆಯ ಆದಿತ್ಯವಾರ ಬಂದು ಹೇಳಿದ್ದನ್ನು ಸೋಮವಾರ ತನ್ನದೇ ರೀತಿಯಲ್ಲಿ ಮಾಡುವರು; ಹಾಳಾದರೆ ಮುಂದಿನ ಆದಿತ್ಯವಾರ ಅವನಿಗೇ ಬಯ್ಯುವರು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ತೆಂಗಿನ ಗೆರಟೆಯ ಚೂರಿನಿಂದ ಕೆರೆದು ಕೆರೆದು ಅಂಟು ತೆಗೆದರು. ನಾನು ಆಫೀಸಿನಿಂದ ಬಂದು ಜತೆಗೆ ಕುಳಿತುಕೊಳ್ಳುತ್ತಿದ್ದೆ. ಕರೆಯುತ್ತಿರಲಿಲ್ಲ, ಏಳು ಎನ್ನುತ್ತಲೂ ಇರಲಿಲ್ಲ.

ಪೆಟ್ರೋಲ್ ಟ್ಯಾಂಕಿನ ಒಳಗೆ ಮಾತ್ರ ಎಣ್ಣೆ ಹೋಗಿರಲಿಲ್ಲ. ಅಲ್ಲಿ ಪೂರ್ತಿ ತುಕ್ಕು. ಬಲೆ ಮುಳುಗಲೆಂದು ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಸೀಮೆಎಣ್ಣೆಯೊಡನೆ ಟ್ಯಾಂಕಿಗೆ ತುಂಬಿಸಿ, ಬಾಯಿ ಮುಚ್ಚಿ, ಹಳೆಯ ಬಲೆಯಲ್ಲಿ ಸುತ್ತಿ, ಜಗಲಿಯ ಜಂತಿಗೆ ನೇತು ಹಾಕಿದರು. ತೂಗಿದರೆ ಗುಂಡುಗಳು ಒಳಗೆ ಉರುಳಿ ತುಕ್ಕನ್ನು ಕೆರೆಯುತ್ತವೆ. ಒಂದು ಬದಿ ಅವರು, ಇನ್ನೊಂದು ಬದಿ ನಾನು. ಹಾಗೆ ತೂಗುತ್ತಿರುವಾಗ ಅವರ ಬಾಯಿಂದ ಬಂತು: "ಈ ಮನೆಗೆ ಬಂದ ಮೇಲೆ ನೀನು ತೂಗಿದ್ದು ಇದೊಂದೇ."

ನಮಗೆ ಮಕ್ಕಳಾಗಿರಲಿಲ್ಲ. ಅದಕ್ಕಾಗಿ ನಾನೂ ನನ್ನ ಗಂಡನೂ ಅಲೆದ ಆಸ್ಪತ್ರೆಗಳು ಅವರಿಗೆ ಗೊತ್ತಿದ್ದವು.

ನಾನು ಕೈಬಿಟ್ಟು ಒಳಗೆ ಹೋದೆ. ಟ್ಯಾಂಕ್ ತೂಗುವುದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಗುಂಡುಗಳ ಸದ್ದು ಮತ್ತೆ ಸುರುವಾಯಿತು. ಆಮೇಲೆ ಅದು ಮುಗಿಯುವವರೆಗೆ ದಿನಾ ಅವರೊಬ್ಬರೇ ತೂಗಿದರು. ನಾನು ಬಾಗಿಲಿಗೆ ಬಂದರೆ ತಲೆ ತಗ್ಗಿಸುವರು. ತಪ್ಪಾಯಿತು ಎಂಬ ಮಾತು ಬರಲಿಲ್ಲ. ತೂಗುವಾಗ ಅವರು ಆಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಮನುಷ್ಯ ತೀರಿಕೊಂಡ ಎಂದ ಮಾತ್ರಕ್ಕೆ ಅವನು ಆಡಿದ್ದು ತೀರುವುದಿಲ್ಲ. ಇದನ್ನು ಬರೆದರೆ ಮನಸ್ಸು ಹಗುರವಾಗುತ್ತದೆ ಎಂದು ಯಾರೋ ಹೇಳಿದರು. ಹಾಗೇನೂ ಆಗುತ್ತಿಲ್ಲ.

ಕಾರ್ಬೋರೇಟರ್ ಬಿಚ್ಚಿದಾಗ ಮಾತ್ರ ನನ್ನನ್ನು ಕರೆಯಲೇಬೇಕಾಯಿತು. ಅದರೊಳಗೆ ಪೆಟ್ರೋಲ್ ಬರುವ ಒಂದು ಹಿತ್ತಾಳೆಯ ತುಂಡು, ಅದರ ನಡುವೆ ಕೂದಲು ಹೋಗುವಷ್ಟು ತೂತು, ಅದು ಕಟ್ಟಿಕೊಂಡಿತ್ತು. ಅವರ ಬೆರಳುಗಳು ಹಗ್ಗ ಎಳೆದು ದಪ್ಪವಾದವು, ಕಣ್ಣಿಗೂ ಕಾಣದು. "ಇಲ್ಲಿ ನೋಡು," ಎಂದರು. ವಯರಿನ ಒಂದು ತಾಮ್ರದ ಎಳೆಯಿಂದ ನಾನು ಅದನ್ನು ಬಿಡಿಸಿ, ಆಕಾಶಕ್ಕೆ ಹಿಡಿದೆ.

"ಬೆಳಕು ಕಾಣ್ತದಾ?"

"ಕಾಣ್ತದೆ ಮಾವ."

ಅವರು ಅದನ್ನು ತೆಗೆದುಕೊಂಡು ತಮ್ಮ ಕಣ್ಣಿಗೂ ಹಿಡಿದು ನೋಡಿದರು. ಕಂಡಿತೋ ಇಲ್ಲವೋ.

ಆಕ್ಸಿಲರೇಟರಿನ ವಯರನ್ನು ಬದಲಿಸಲು ಹ್ಯಾಂಡಲಿನ ರಬ್ಬರ್ ಹಿಡಿಯನ್ನು ತೆಗೆಯಬೇಕಿತ್ತು. ಮಣ್ಣು, ನೀರು, ಬೆವರಿನಲ್ಲಿ ಜಾರದಂತೆ ಅದರ ಎರಡೂ ತುದಿಗೆ ನನ್ನ ಗಂಡ ಬಲೆಯ ನೂಲು ಬಿಗಿದಿದ್ದರು. ಮಾವ ಕತ್ತಿ ಹಿಡಿದು ಬಗ್ಗಿದವರು ಅಲ್ಲೇ ನಿಂತರು. ಹರಿದ ಬಲೆಯನ್ನು ನೇಯುವಾಗ ಹಾಕುವ ಗಂಟು ಅದು. ಅದರಲ್ಲೂ ಕೊನೆಯ ಸುತ್ತನ್ನು ಹಿಂದಕ್ಕೆ ತಂದು ಒಳಗೆ ತೂರಿಸುವುದು ಮಾವನ ಕೈಯ ಗಂಟು. ನಮ್ಮ ಕಡೆಯ ಉಳಿದವರು ಹಾಗೆ ಹಾಕುವುದಿಲ್ಲ. ಸಣ್ಣವನಿದ್ದಾಗ ಮಗನನ್ನು ಬಲೆಯ ಮುಂದೆ ಕೂರಿಸಿ ಅವರು ಅದನ್ನು ಕಲಿಸಲು ನೋಡಿದ್ದರಂತೆ. ಮಗ ಕಲಿಯಲಿಲ್ಲ, ಎದ್ದು ಓಡಿಹೋದ ಎಂಬುದು ಅವರ ಹಳೆಯ ದೂರು. ಆ ದೂರನ್ನು ನಾನೇ ಎಷ್ಟೋ ಸಲ ಕೇಳಿದ್ದೆ.

"ಕಲ್ತಿದ್ದಾನೆ," ಎಂದರು. ಆಮೇಲೆ ಸಿಟ್ಟಿನಿಂದಲೇ, "ಕಲ್ತು ಇಲ್ಲಿ ಹಾಕಿದ್ದಾನೆ. ನನಗೆ ತೋರಿಸ್ಲಿಲ್ಲ."

ಅದನ್ನು ಅವರು ಕತ್ತರಿಸಲಿಲ್ಲ. ಬಲೆಯ ಸೂಜಿ ತಂದು ಬಿಡಿಸುತ್ತಾ ಕುಳಿತರು. ಊಟಕ್ಕೆ ಕರೆದರೂ ಏಳಲಿಲ್ಲ. ಹೊಸ ವಯರ್ ಹಾಕಿದ ಮೇಲೆ ಅದೇ ನೂಲನ್ನು ಅದೇ ರೀತಿ ಕಟ್ಟಿದರು. ನಾನು ನೋಡಿದೆ, ವ್ಯತ್ಯಾಸ ತಿಳಿಯಲಿಲ್ಲ. ಯಾರು ಕಟ್ಟಿದ್ದು ಎಂದು ಹೇಳುವವರು ಈಗ ಇಬ್ಬರೂ ಇಲ್ಲ.

ಮೊದಲ ಸಲ ಇಂಜಿನ್ ಚಾಲೂ ಆದ ದಿನ ಮನೆ, ಅಂಗಳ, ಪಕ್ಕದ ಮನೆ ಎಲ್ಲ ಬಿಳಿ ಹೊಗೆ. ಈ ಬೈಕಿಗೆ ಪೆಟ್ರೋಲಿನ ಜತೆಗೇ ಸ್ವಲ್ಪ ಆಯಿಲ್ ಬೆರೆಸಬೇಕು. ಮಾವ ಅಳತೆ ಮೀರಿ ಸುರಿದಿದ್ದರು. ಪಕ್ಕದ ಮನೆಯ ಬ್ಯಾರಿ ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು ಬೇಲಿಗೆ ಬಂದು, "ಸೊಳ್ಳೆಗೆ ಹೊಗೆ ಬಿಡುವವರು ಬಂದದ್ದಾ? ನಮ್ಮ ಕೊಟ್ಟಿಗೆಗೂ ಸ್ವಲ್ಪ ಬಿಡ್ಲಿಕ್ಕೆ ಹೇಳಿ," ಎಂದರು. ಆ ಹೊಗೆಯಲ್ಲೇ ಇಂಜಿನ್ ಕೆಮ್ಮಿ ನಿಂತಿತು. ನಾನು ಗೆಳೆಯನಿಗೆ ಫೋನ್ ಹಚ್ಚಿ ಮಾವನ ಬಲಗಿವಿಗೆ ಹಿಡಿದೆ.

"ಎಷ್ಟು ಆಯಿಲ್ ಹಾಕಿದ್ರಿ ಅಂಕಲ್?"

"ಬೇಕಾದಷ್ಟು."

"ಪ್ಲಗ್ಗು ಮುಳುಗಿ ಸತ್ತಿರ್ತದೆ. ಕಡಿಮೆ ಹಾಕ್ಬೇಕು."

"ಕಡಿಮೆ ಹಾಕಿ ಹಾಕಿಯೇ ನೀವೆಲ್ಲ ಇಂಜಿನ್ ಕೊಂದದ್ದು," ಎಂದು ಮಾವ ಫೋನನ್ನು ನನಗೆ ಕೊಟ್ಟರು. ಮರುದಿನ ಕಡಿಮೆ ಹಾಕಿದರು.

ಹೊಗೆ ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದರು. ಇಂಜಿನ್ನಿನ ಒಂದೊಂದು ಜಾಗಕ್ಕೆ ತುದಿ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಆ ಕಪ್ಪು ಗುರುತಿಗೆ ಒತ್ತಿ, ಕಣ್ಣು ಮುಚ್ಚಿದರು. ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಒಮ್ಮೆಲೇ ಕಣ್ಣು ತೆರೆದು, "ಇಲ್ಲಿ ನೋಡು" ಎಂದು ಹಿಡಿಯನ್ನು ನನ್ನ ಕಿವಿಯ ಹಿಂದಕ್ಕೆ ಒತ್ತಿದರು. ನಾನು ಇಂಜಿನ್ನಿನ ಕಡೆ ಬಗ್ಗಿದೆ.

"ನೋಡ್ಬೇಡ. ಕೇಳು."

ಮೊದಲು ಬರೀ ಗದ್ದಲ. ಆಮೇಲೆ ಅದರ ಅಡಿಯಲ್ಲಿ, ಸ್ಟೀಲ್ ಲೋಟಕ್ಕೆ ಚಮಚ ತಾಗಿದಂತೆ ಒಂದು ಸಣ್ಣ ಸದ್ದು. ಹೇಳಿದೆ. ಅವರು ತಲೆಯಾಡಿಸಿದರು. "ಅದು ಇರ್ಬಾರದು." ಇಂಜಿನ್ ಬಿಚ್ಚಿದರು. ಒಳಗೆ ಸವೆದದ್ದನ್ನು ಗೆಳೆಯ ಲೇತಿಗೆ ಒಯ್ದು ಸರಿ ಮಾಡಿಸಿ ತಂದ, ಹೊಸ ಪಿಸ್ಟನ್, ಹೊಸ ರಿಂಗ್ ಬಿತ್ತು. ಮತ್ತೆ ಚಾಲೂ ಮಾಡಿ ಹಿಡಿಯನ್ನು ಮೊದಲು ನನ್ನ ಕಿವಿಗೇ ಇಟ್ಟರು.

"ಈಗ?"

"ಇಲ್ಲ ಮಾವ."

ತಾವೂ ಕೇಳಿದರು. "ಇಲ್ಲ," ಎಂದರು. ಆಮೇಲೆ ಬೇರೆ ಕಡೆ ನೋಡುತ್ತಾ ಕೇಳಿದರು: "ಅವನು ಹೇಗೆ ಕೇಳ್ತಿದ್ದ?"

"ಕೆನ್ನೆಯನ್ನು ಟ್ಯಾಂಕಿಗೆ ಇಟ್ಟು, ಕಣ್ಣು ಮುಚ್ಚಿ."

ಮರುದಿನ ಬೆಳಿಗ್ಗೆ ನಾನು ಹಿತ್ತಿಲಿನಿಂದ ಬರುವಾಗ, ಇಂಜಿನ್ ಓಡುತ್ತಿತ್ತು, ಮಾವ ಟ್ಯಾಂಕಿನ ಮೇಲೆ ಕೆನ್ನೆ ಇಟ್ಟು ಬಗ್ಗಿದ್ದರು. ನಾನು ಬಂದ ದಾರಿಯಲ್ಲೇ ಹಿಂದೆ ಹೋದೆ.

ರೇಸಿನ ದಿನ ಮಾವ ಬಿಳಿ ಅಂಗಿ ಹಾಕಿಕೊಂಡರು. ಟೆಂಪೋದಿಂದ ಇಳಿಸಿದ ಬೈಕನ್ನು ಮೈದಾನದ ಹುಡುಗರು ತಳ್ಳಿಕೊಂಡು ಹೋಗಲು ಬಂದಾಗ, "ತಳ್ಳಿಕೊಂಡು ಹೋಗ್ಲಿಕ್ಕೆ ಅದು ತರಕಾರಿ ಗಾಡಿಯಾ?" ಎಂದು ಗದರಿ, ಗೆಳೆಯನಿಂದ ಚಾಲೂ ಮಾಡಿಸಿಯೇ ಒಳಗೆ ತರಿಸಿದರು. ಗೇಟಿನಲ್ಲಿ ದೊಡ್ಡ ಫ್ಲೆಕ್ಸ್ ಇತ್ತು. ಅತಿಥಿಗಳ ಮುಖಗಳು ಸಾಲಾಗಿ, ಕೈ ಮುಗಿದು. ನನ್ನ ಗಂಡನ ಫೋಟೋ ಕೆಳಗಿನ ಮೂಲೆಯಲ್ಲಿ, ಜ್ಯೂಸ್ ಅಂಗಡಿಯ ಜಾಹೀರಾತಿನ ಪಕ್ಕ.

"ಇವರೆಲ್ಲ ಯಾರು?" ಎಂದು ಕೇಳಿದರು ಮಾವ.

"ಅತಿಥಿಗಳು ಮಾವ."

"ಎಲ್ಲರೂ ಸತ್ತದ್ದಾ?"

ಬೈಕಿಗೆ ಚೆಂಡುಹೂವಿನ ಮಾಲೆ ಹಾಕಿ ವೇದಿಕೆಯ ಪಕ್ಕ ನಿಲ್ಲಿಸಿದರು. ಅತಿಥಿಗಳು ಬಂದು ಒಬ್ಬೊಬ್ಬರಾಗಿ ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡರು. ಮಾವನಿಗೂ ನನಗೂ ಮುಂದಿನ ಸಾಲಿನಲ್ಲಿ ಕುರ್ಚಿ. ಅವರಿಗೊಂದು ಶಾಲು, ಹಣ್ಣಿನ ಬುಟ್ಟಿ. ಭಾಷಣಗಳಾದವು. ನನ್ನ ಗಂಡ ಯಾವ ರೇಸಿನಲ್ಲಿ ಓಡಿದರು, ಹೇಗೆ ಓಡಿದರು ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯುವಕರಿಗೆ ಸ್ಫೂರ್ತಿ ಎಂದರು. ಭಾಷಣಗಳಿಂದ ರೇಸ್ ತಡವಾಯಿತು. ನೆನಪಿನ ಸುತ್ತು ಫೈನಲ್ ಆದ ಮೇಲೆ ಎಂದರು. ಫೈನಲ್ ಮುಗಿದಾಗ ಬಹುಮಾನ ಆದ ಮೇಲೆ ಎಂದರು. ಕುಲಶೇಖರದ ಗೆಳೆಯ ಬೆಳಗಿನಿಂದ ರೇಸಿನ ಬೂಟು ಹಾಕಿಕೊಂಡೇ ಕಾಯುತ್ತಿದ್ದ. ಎರಡು ಸಲ ಹೋಗಿ ಜಗಳ ಮಾಡಿ ಬಂದ. ಬಹುಮಾನ ಮುಗಿದಾಗ ಮೈಕಿನಲ್ಲಿ ಹೇಳಿದರು: ಸಮಯದ ಅಭಾವದಿಂದ, ಮೈದಾನವನ್ನು ಬಿಟ್ಟುಕೊಡಬೇಕಾದ್ದರಿಂದ, ನೆನಪಿನ ಸುತ್ತನ್ನು ಮುಂದಿನ ವರ್ಷ ಇಡಲಾಗುವುದು, ಸಹಕರಿಸಬೇಕು.

ಮೈಕ್ ಮಾವನ ಎಡಕ್ಕೆ ಇತ್ತು. ಅವರಿಗೆ ಕೇಳಿಸಿರಲಿಲ್ಲ. ಬೈಕನ್ನೇ ನೋಡುತ್ತಾ ಕುಳಿತಿದ್ದರು. ನಾನು ಎದ್ದು ಬಲಕ್ಕೆ ಹೋಗಿ ಅದನ್ನು ಹೇಳಬೇಕಾಯಿತು. ಜೀವನದಲ್ಲಿ ನಾನು ಬಹಳ ಜನರಿಗೆ ಬಹಳ ಕೆಟ್ಟ ಸುದ್ದಿ ಹೇಳಿದವಳಲ್ಲ. ಹೇಳಿದ್ದೆಲ್ಲ ಅವರೊಬ್ಬರಿಗೇ.

ಮಾವ ಎದ್ದರು. ಹೋಗಿ ಮಾಲೆಯನ್ನು ತೆಗೆದು ಕುರ್ಚಿಯ ಮೇಲೆ ಹಾಕಿದರು. ಟ್ಯಾಂಕಿನ ಮೇಲೆ ಬಿದ್ದ ಎಸಳುಗಳನ್ನು ಹೊಸ ಶಾಲಿನಿಂದ ಒರೆಸಿದರು. ತಾವೇ ಕಿಕ್ ಹೊಡೆದರು. ಚಾಲೂ ಆಯಿತು. ಕಾರ್ಯಕರ್ತನೊಬ್ಬ ಓಡಿಬಂದು, "ಅಜ್ಜಾ, ಪ್ರೋಗ್ರಾಂ ಮುಗೀತು. ಫೋಟೋ ಎಲ್ಲ ಆಗಿದೆ ಅಲ್ವಾ?" ಎಂದ. ಅವನು ನಿಂತದ್ದು ಎಡಕ್ಕೆ. ಮಾವ ಇಂಜಿನ್ನಿನ ಮೇಲೆ ಅಂಗೈ ಇಟ್ಟು ನಿಂತರು. ಜನ ಗೇಟಿನಿಂದ ಹೊರಗೆ ಹೋಗುತ್ತಿದ್ದರು. ಶಾಮಿಯಾನದವರು ಹಗ್ಗ ಬಿಚ್ಚುತ್ತಿದ್ದರು. ಕೈಗೆ ಬಿಸಿ ಹತ್ತಿದ ಮೇಲೆ ಮಾವ ಗೆಳೆಯನ ಕಡೆ ನೋಡಿ, "ಹೋಗು," ಎಂದರು.

ಅವನು ಹೋದ. ಖಾಲಿ ಮೈದಾನದಲ್ಲಿ, ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿರುವಾಗ, ಆ ಬೈಕ್ ಓಡಿತು. ದಿಬ್ಬಗಳ ಮೇಲಿಂದ ಹಾರಿತು. ಮೊದಲಿಗಿಂತ ಚೆನ್ನಾಗಿ ಓಡಿತು ಎಂದು ನನಗೆ ಗೊತ್ತು, ಯಾಕೆಂದರೆ ಅಷ್ಟರಲ್ಲಿ ನನಗೆ ಇಂಜಿನ್ ಕೇಳಲು ಬರುತ್ತಿತ್ತು. ಮಾವ ಅದನ್ನು ನೋಡಲಿಲ್ಲ. ಬಲಗಿವಿಯನ್ನು ಆ ಸದ್ದಿಗೆ ಕೊಟ್ಟು, ನೆಲ ನೋಡುತ್ತಾ ನಿಂತಿದ್ದರು. ಬೈಕ್ ಸುತ್ತಿದಂತೆ ಕಿವಿ ತಪ್ಪಬಾರದೆಂದು ತಾವೂ ನಿಂತಲ್ಲೇ ಮೆಲ್ಲಗೆ ತಿರುಗುತ್ತಿದ್ದರು.

ಸದ್ದು ಮೈದಾನದ ಆಚೆ ತುದಿಗೆ ಹೋದಾಗ ಕೇಳಿದರು: "ಇಷ್ಟು ಚಂದ ಓಡ್ತದೆ ಅಂತ ನೀನು ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಮಾವ."

ಬೈಕ್ ತಿರುಗಿ ಹತ್ತಿರ ಬಂತು.

"ಹೌದು," ಎಂದರು. "ಹೇಳಿದ್ದಿ."

ಗೆಳೆಯ ಬಂದು ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ, "ಬೆಣ್ಣೆಯ ಹಾಗೆ ಉಂಟು ಅಂಕಲ್," ಎಂದ. ಮಾವ ಹಣ್ಣಿನ ಬುಟ್ಟಿಯನ್ನು ಅವನಿಗೆ ಕೊಟ್ಟರು.

ಆಮೇಲೆ ಬೈಕ್ ಅಂಗಳದ ಮೂಲೆಗೆ ಹೋಗಲಿಲ್ಲ. ಜಗಲಿ ಹತ್ತಿತು. ಕಪ್‌ಗಳು ಮಂಚದ ಕೆಳಗಿನಿಂದ ಶೋಕೇಸಿಗೆ ಬಂದವು. ನಾನು ಆಫೀಸಿನಲ್ಲಿದ್ದಾಗ ಆದದ್ದು, ಯಾರು ಇಟ್ಟರೆಂದು ಕೇಳುವ ಹಾಗಿರಲಿಲ್ಲ. ಮಾವನಿಗೆ ಕೆಮ್ಮು ಹಿಡಿಯಿತು. ಕಿಕ್ ಹೊಡೆಯಲು ಕಾಲಿಗೆ ಬಲ ಸಾಲದಾದಾಗ ನನ್ನನ್ನು ನಿಲ್ಲಿಸಿ ಕಲಿಸಿದರು. ವಾರಕ್ಕೊಮ್ಮೆ ಚಾಲೂ ಮಾಡಬೇಕು, ಇಲ್ಲವಾದರೆ ಪೆಟ್ರೋಲ್ ಒಣಗಿ ಆ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ನಾನು ಸೀರೆ ಎತ್ತಿ ಕಟ್ಟಿ ಒದೆಯುವಾಗ ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. "ಅವರನ್ನು ನೋಡ್ಬೇಡ, ಇಂಜಿನ್ ಕೇಳು," ಎನ್ನುವರು ಮಾವ. ಚಾಲೂ ಆದ ಕೂಡಲೇ ನಾನು ಆಕ್ಸಿಲರೇಟರ್ ತಿರುಗಿಸಿದರೆ ಬಯ್ಗುಳ. "ಬಿಸಿ ಆಗದೆ ಎಬ್ಬಿಸ್ಬೇಡ. ಕೈ ಇಡು. ಕೈಗೆ ಗೊತ್ತಾಗ್ತದೆ."

ಇದೆಲ್ಲ ಅವರು ಮಗನಿಗೆ ಕಲಿಸಬೇಕಾದ್ದು. ಇಬ್ಬರಿಗೂ ಒಂದೇ ಹುಚ್ಚು ಇತ್ತು, ಒಂದೇ ಗಂಟು ಗೊತ್ತಿತ್ತು, ಒಂದೇ ಮನೆಯಲ್ಲಿ ಇದ್ದರು. ಮಗ ಬೇಡಿದ್ದು ಇಷ್ಟೇ, ತಂದೆ ಒಮ್ಮೆ ಮೈದಾನಕ್ಕೆ ಬರಬೇಕೆಂದು. ನನ್ನ ಗಂಡನಿಗೆ ಸಿಗಬೇಕಾದ್ದು ನನಗೆ ಸಿಕ್ಕಿತು. ಋಣ ಎಂದರೆ ಋಣವೇ. ಆದರೆ ಇನ್ನೊಬ್ಬರ ಪಾಲನ್ನು ಉಂಡವಳ ಹಾಗೆ ನಾನು ಅದನ್ನು ಇಟ್ಟುಕೊಂಡಿದ್ದೇನೆ.

ಮಾವ ತೀರಿಕೊಂಡದ್ದು ಈ ಸಲದ ಮಳೆಗಾಲದಲ್ಲಿ, ಆಸ್ಪತ್ರೆಯಲ್ಲಿ. ಬೆಳಿಗ್ಗೆ ಆಂಬುಲೆನ್ಸಿನಲ್ಲಿ ತಂದರು. ಮಳೆ ಹೊಡೆಯುತ್ತಿತ್ತು, ಅಂಗಳದಲ್ಲಿ ಮಲಗಿಸುವ ಹಾಗಿರಲಿಲ್ಲ. ಜಗಲಿಯಲ್ಲಿ ಎಂದರು. ಜಗಲಿಯಲ್ಲಿ ಬೈಕ್ ಇತ್ತು. "ಅದನ್ನೊಮ್ಮೆ ಆಚೆ ದೂಡಿ," ಎಂದು ಸಂಬಂಧಿಕರೊಬ್ಬರು ಹೇಳಿದರು. ಗುಜರಿಯ ಮಾತೆತ್ತಿದವರು ಅವರೇ. ಇಬ್ಬರು ಹ್ಯಾಂಡಲಿಗೆ ಕೈ ಹಾಕಿದರು.

ಅದನ್ನು ತಳ್ಳಲು ನಾನು ಬಿಡಲಿಲ್ಲ. ಸೀರೆ ಎತ್ತಿ ಕಟ್ಟಿ ಕಿಕ್ ಹೊಡೆದೆ. ಒಂದೇ ಹೊಡೆತಕ್ಕೆ ಚಾಲೂ ಆಯಿತು. ಮಳೆಯಲ್ಲಿ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಅಳುತ್ತಿದ್ದವರೂ ನಿಲ್ಲಿಸಿದರು.

"ಏ, ಈಗ ಇದೆಲ್ಲ ಬೇಕಾ? ಬೇಗ ತೆಗಿ."

ನಾನು ಇಂಜಿನ್ನಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು.

"ಬಿಸಿ ಆಗಿಲ್ಲ," ಎಂದೆ.

ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದಿತ್ತು. ಸ್ಟ್ರೆಚರಿಗೆ ಕೈ ಕೊಟ್ಟವರಲ್ಲಿ ಕುಲಶೇಖರದ ಗೆಳೆಯನೂ ಇದ್ದ. ಅವನು ಉಳಿದವರಿಗೆ, "ಸ್ವಲ್ಪ ನಿಲ್ಲಿ," ಎಂದ. ಎಲ್ಲರೂ ಮಳೆಯಲ್ಲಿ ನಿಂತು ಕಾದರು. ಮಾವನೂ ಕಾದರು.